ಸ್ವೀಕರಿಸಲಾಗಿದೆ!

"ನಮ್ಮ ಅಜ್ಜಿನ ಸಾಯ್ಸಿದ್ದು ಯಾರ್ರೀ ಇಲ್ಲಿ?"

ಆ ದನಿಗೆ ವಸ್ತುಸಂಗ್ರಹಾಲಯದ ದೊಡ್ಡ ಹಾಲ್‌ನಲ್ಲಿದ್ದವರೆಲ್ಲ ಒಟ್ಟಿಗೆ ತಿರುಗಿ ನೋಡಿದರು.

'ಬೆಟ್ಟದ ಬದುಕು' ಪ್ರದರ್ಶನ ಶುರುವಾಗಿ ಇನ್ನೂ ಅರ್ಧ ಗಂಟೆಯೂ ಆಗಿರಲಿಲ್ಲ. ಬಾಗಿಲಿಗೆ ಕಟ್ಟಿದ ರಿಬ್ಬನ್ನಿನ ತುಂಡುಗಳು ಇನ್ನೂ ನೆಲದ ಮೇಲೇ ಬಿದ್ದಿದ್ದವು. ಅಷ್ಟರಲ್ಲೇ ಕೊಲೆ ಆರೋಪ!

ಅವಳು ಗೋಂದಿನ ಬಾಟಲಿಯನ್ನು ಕೈಯಲ್ಲಿ ಹಿಡಿದೇ ಓಡಿಬಂದಳು. ಗಾಜಿನ ಕಪಾಟುಗಳಲ್ಲಿ ವಸ್ತುಗಳ ಪಕ್ಕ ಇಡುವ ವಿವರದ ಚೀಟಿಗಳನ್ನು ಬರೆಯುವುದು ಅವಳ ಕೆಲಸ. ಅದಕ್ಕೇ ಕಾವಲುಗಾರನಿಂದ ಹಿಡಿದು ದೊಡ್ಡ ಸಾಹೇಬರವರೆಗೆ ಎಲ್ಲರಿಗೂ ಅವಳು ಚೀಟಿ ಮೇಡಂ.

"ಸ್ವಲ್ಪ ಮೆತ್ತಗೆ ಮಾತಾಡಿ. ಯಾರು ಸತ್ತಿದ್ದಾರೆ?"

"ಅದನ್ನೇ ನಾನೂ ಕೇಳ್ತಿರೋದು!"

ಎದುರಿಗಿದ್ದವನು ಎತ್ತರದ ಆಳು. ತೋಳು ಮಡಚಿದ ಅಂಗಿ, ಕೂದಲಲ್ಲಿ ಮರದ ಹೊಟ್ಟು, ಕಿವಿಯ ಮೇಲೆ ಸಿಕ್ಕಿಸಿಕೊಂಡ ಪೆನ್ಸಿಲ್. ಅವನ ಬೆರಳು ಒಂದು ಚೀಟಿಯನ್ನು ತೋರಿಸುತ್ತಿತ್ತು.

ಚರ್ಮದ ಟಪಾಲು ಚೀಲ. ಕೊಟ್ಟವರು: ದಿ. ಟಪಾಲಜ್ಜಿ.

"ದಿ. ಅಂದ್ರೆ ದಿವಂಗತ ತಾನೇ?"

"ಹೌದು..."

"ಹಾಗಾದ್ರೆ ಅಲ್ಲಿ ಬಾಗಿಲ ಹತ್ರ ಬೆಂಚಿನ ಮೇಲೆ ಕೂತು ನಿಮ್ಮ ಸಾಹೇಬ್ರಿಗೆ ಪಾಠ ಹೇಳ್ತಿರೋದು ಯಾರು? ದೆವ್ವಾನಾ?"

ಅವಳು ತಿರುಗಿ ನೋಡಿದಳು. ಕೋಲು ಹಿಡಿದ ಗುಂಡುಗುಂಡಾದ ಅಜ್ಜಿಯೊಬ್ಬಳು ಸಾಹೇಬರ ಎದುರು ಕೈ ಆಡಿಸುತ್ತಾ ಜೋರಾಗಿ ಮಾತಾಡುತ್ತಿದ್ದಳು. ಸತ್ತ ಲಕ್ಷಣ ಒಂದೂ ಇರಲಿಲ್ಲ.

ಅಯ್ಯೋ ದೇವರೇ, ಮೊದಲ ದಿನವೇ!

ಓಡಿಹೋಗಿ ಫೈಲು ತಂದಳು. ವಸ್ತು ಕೊಡುವವರು ತುಂಬಿಸುವ ಅರ್ಜಿ ತೆಗೆದಳು. ಮೇಲಿನ ಸಾಲಿನಲ್ಲಿ 'ದಿ.' ಎಂದು ಅಚ್ಚಾಗಿ, ಮುಂದೆ ಚುಕ್ಕಿಗಳ ಗೆರೆ. ಆ ಗೆರೆಯ ಮೇಲೆ ಯಾರೋ ದಪ್ಪ ಅಕ್ಷರದಲ್ಲಿ ಟಪಾಲಜ್ಜಿ ಎಂದು ಬರೆದಿದ್ದರು. ಕೆಳಗೆ ಹೆಸರಿನ ಜಾಗ ಖಾಲಿ.

"ಇದು ಯಾರ ಅಕ್ಷರ?"

ಅವನು ಬಗ್ಗಿ ನೋಡಿದ. ಕಿವಿ ಎರಡೂ ನಿಧಾನಕ್ಕೆ ಕೆಂಪಾದವು.

"...ನಂದೇ."

"ಇಲ್ಲಿ ದಿ. ಅಂದ್ರೆ ದಿನಾಂಕ. ದಿನಾಂಕದ ಜಾಗದಲ್ಲಿ ಯಾರಾದ್ರೂ ಅಜ್ಜಿ ಹೆಸರು ಬರೀತಾರಾ? ನಾನೂ ನೋಡದೆ ಹಾಗೇ ನಕಲು ಮಾಡಿಬಿಟ್ಟೆ!"

ಅವನು ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಮತ್ತೆ ಅಲ್ಲೇ ಸಿಕ್ಕಿಸಿಕೊಂಡ.

ಅಷ್ಟರಲ್ಲಿ ಅಜ್ಜಿಯೇ ಬಂದಳು. ಒಂದು ಕಾಲದಲ್ಲಿ ಚೀಲ ಹೆಗಲಿಗೇರಿಸಿ ಎರಡು ಬೆಟ್ಟ ದಾಟಿ ಟಪಾಲು ಹಂಚಿದವಳು. ಮೊಮ್ಮಗ ಚೀಟಿ ಓದಿ ಹೇಳಿದ್ದೇ ತಡ, ಬಿದ್ದುಬಿದ್ದು ನಕ್ಕಳು.

"ಸಂಜೆವರೆಗೂ ಇರ್ಲಿ ಬಿಡಮ್ಮ ಆ ಚೀಟಿ. ಸತ್ತ ಮೇಲೆ ನನ್ನ ಬಗ್ಗೆ ಯಾರ್ಯಾರು ಏನೇನಂತಾರೋ ಇಲ್ಲೇ ನಿಂತು ಕೇಳ್ತೀನಿ!"

ಚೀಟಿ ಮೇಡಂ ಕೂಡ ನಕ್ಕಳು. ಅವನು ನಗಲಿಲ್ಲ. ಆದರೆ ಹೋಗುವಾಗ ಬಾಗಿಲ ಬಳಿ ನಿಂತು, ಒಮ್ಮೆ ತಿರುಗಿ ನೋಡಿದ.

ಯಾಕೆ ನೋಡಿದ? ಬೈಯೋಕಾ? ಕ್ಷಮೆ ಕೇಳೋಕಾ?

ಅವಳ ತಲೆಬಿಸಿ ಶುರುವಾಗಿದ್ದು ಅಲ್ಲಿಂದ.

*

ಅವನು ಬಡಗಿ. ಪ್ರದರ್ಶನದ ಅರ್ಧ ಪೀಠಗಳು ಅಲುಗಾಡುತ್ತಿದ್ದುದನ್ನು ಕಂಡು ಸಾಹೇಬರು ಅವನನ್ನೇ ಕರೆಸಿದರು. ಮರುದಿನದಿಂದ ಹಾಲ್‌ನ ಹಿಂದಿನ ಕೋಣೆಯಲ್ಲಿ ಗರಗಸದ ಸದ್ದು. ಅದೇ ಕೋಣೆಯ ಇನ್ನೊಂದು ತುದಿಯಲ್ಲಿ ಅವಳ ಮೇಜು.

ಮೊದಲ ವಾರ ಅವನು ಆಡಿದ್ದು ಲೆಕ್ಕಕ್ಕೆ ಸಿಗುವಷ್ಟು ಮಾತು. "ಧೂಳು ಬರ್ತಿದೆಯಾ?" "ಕಿಟಕಿ ಹಾಕ್ಲಾ?" ಅಷ್ಟೇ!

ಎರಡನೇ ವಾರ ಒಂದು ಬೆಳಿಗ್ಗೆ ಅವಳ ಪೆನ್ಸಿಲುಗಳೆಲ್ಲ ಚೂಪಾಗಿ ಸಾಲಾಗಿ ಮಲಗಿದ್ದವು. ಬ್ಲೇಡಿನಿಂದ ಹೆರೆದದ್ದಲ್ಲ, ಉಳಿಯಿಂದ.

"ನೀವಾ ಮಾಡಿದ್ದು?"

"ಉಳಿ ಹರಿತ ಇದೆಯಾ ಅಂತ ನೋಡಿದೆ."

ಇದಕ್ಕೆ ಏನರ್ಥ? ಉಳಿ ಪರೀಕ್ಷೆಗೆ ಅವಳ ಪೆನ್ಸಿಲುಗಳೇ ಬೇಕಿತ್ತಾ? ಕೋಣೆ ತುಂಬ ಮರದ ಚೂರು ಬಿದ್ದಿರುವಾಗ!

ಅವಳಿಗೆ ಅವನು ಇಷ್ಟವಾಗಿದ್ದ. ಸುಳ್ಳು ಯಾಕೆ ಹೇಳಬೇಕು, ತುಂಬಾ ಇಷ್ಟವಾಗಿದ್ದ. ಬೆಳಿಗ್ಗೆ ಗರಗಸದ ಸದ್ದು ಕೇಳದಿದ್ದರೆ ಅವಳ ಕೈ ಚೀಟಿಯ ಮೇಲೆ ಓಡುತ್ತಲೇ ಇರಲಿಲ್ಲ.

ಆದರೆ ಅವಳ ಮೇಜಿನ ಡ್ರಾಯರಿನಲ್ಲಿ ಒಂದು ಪತ್ರವಿತ್ತು. ಬೆಟ್ಟದ ಕೆಳಗಿನ ನಗರದ ದೊಡ್ಡ ವಸ್ತುಸಂಗ್ರಹಾಲಯ ಅವಳನ್ನು ಕರೆದಿತ್ತು. ಇಲ್ಲಿನ ಪ್ರದರ್ಶನ ನಡೆಯುವುದು ಒಂದೇ ತಿಂಗಳು, ಅವಳ ಚೀಟಿ ಕೆಲಸವೂ ಅಷ್ಟೇ. ಅದು ಮುಗಿಯುವ ಹಿಂದಿನ ದಿನ, ಶನಿವಾರದೊಳಗೆ ಉತ್ತರ ಅಂಚೆಗೆ ಹಾಕಬೇಕು. "ಇಲ್ಲೇ ಇರೋದಾದ್ರೆ ಉಗ್ರಾಣದಲ್ಲಿ ಪಟ್ಟಿ ಮಾಡೋ ಕೆಲಸ ಇದೆಯಮ್ಮ. ಸಂಬಳ ಕಮ್ಮಿ, ಧೂಳು ಜಾಸ್ತಿ," ಎಂದಿದ್ದರು ಸಾಹೇಬರು.

ಫೋನಿನಲ್ಲಿ ಅಕ್ಕ ದಿನಾ ಪೀಡಿಸುತ್ತಿದ್ದಳು.

"ಯೋಚನೆ ಮಾಡೋಕೆ ಏನಿದೆಯೇ ಅದರಲ್ಲಿ? ಹೋಗ್ತೀನಿ ಅಂತ ಬರೆದು ಹಾಕು."

"ಬರೀತೀನಿ ಅಕ್ಕ..."

"ಅಲ್ಲಿ ಯಾರಾದ್ರೂ ಇದ್ದಾರಾ?"

"ಇದ್ದಾರೋ ಇಲ್ವೋ ನಂಗೇ ಗೊತ್ತಾಗ್ತಿಲ್ಲ!"

"ಅದೇನು ಮಾತೇ? ಒಂದೋ ಇರ್ಬೇಕು, ಇಲ್ಲಾ ಇರ್ಬಾರ್ದು."

ಅಕ್ಕನಿಗೆ ಏನು ಹೇಳುವುದು? ಪೆನ್ಸಿಲ್ ಚೂಪು ಮಾಡಿಕೊಟ್ಟ ಅಂತಲಾ? ಅವನು ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು, ಆ ಪತ್ರವನ್ನು ಅವಳು ಹರಿದು ಹಾಕುತ್ತಿದ್ದಳು.

*

ಕೊನೆಯ ವಾರದ ಸೋಮವಾರ ಅವಳ ಮೇಜಿನ ಮೇಲೆ ಪಾದ ಇಡುವ ಒಂದು ಕಾಲ್ಮಣೆ ಬಂದು ಕೂತಿತ್ತು.

ಅಚ್ಚರಿಯೇನಲ್ಲ. ಟಪಾಲಜ್ಜಿ ಈ ಮೊದಲೂ ಮೊಮ್ಮಗನ ಕೈಯಲ್ಲಿ ಒಂದೊಂದೇ ವಸ್ತು ಕಳಿಸಿದ್ದಳು. ಜಾರದಂತೆ ಅಡಿಗೆ ಮೊಳೆ ಹೊಡೆದ ಬೂಟು, ಕಹಳೆ, ಎಣ್ಣೆ ದೀಪ. ಎಲ್ಲವೂ ಅರ್ಜಿಯ ಸಮೇತವೇ ಬರುತ್ತಿದ್ದವು, ಯಾಕೆಂದರೆ ಅರ್ಜಿಯಿಲ್ಲದೆ ಒಂದು ಕಡ್ಡಿಯನ್ನೂ ಕಾವಲುಗಾರ ಒಳಗೆ ಬಿಡುತ್ತಿರಲಿಲ್ಲ.

ಮಣೆಯ ಮರ ಕಪ್ಪಗೆ ಹಳತಾಗಿತ್ತು. ಅಂಚುಗಳು ನುಣುಪು. ಅವಳು ಅಂಗೈಯಿಂದ ಸವರಿದಳು. ಎಷ್ಟು ಚೆಂದ!

ಅರ್ಜಿ ತೆಗೆದಳು. ಈ ಸಲ ಎಲ್ಲವೂ ಸರಿಯಾದ ಜಾಗದಲ್ಲೇ ಇದ್ದವು. ದಿನಾಂಕದ ಜಾಗದಲ್ಲಿ ದಿನಾಂಕ, ಹೆಸರಿನ ಜಾಗದಲ್ಲಿ ಹೆಸರು. ಪಾಪ, ಪಾಠ ಕಲಿತಿದ್ದಾನೆ ಎಂದು ನಗು ಬಂತು.

ವಸ್ತು: ಕಾಲ್ಮಣೆ.

ಮರ: ನಮ್ಮ ಮನೆಯ ಹಳೇ ತೊಲೆ.

ಉದ್ದೇಶ: ನಿಮ್ಮ ಬಳಕೆಗೆ.

ಕೊಡುವವರ ಷರತ್ತು: ಮನಸ್ಸಿಗೆ ಒಪ್ಪಿಗೆಯಾದರೆ ಮಾತ್ರ ಇಟ್ಟುಕೊಳ್ಳಿ. ಆಗದಿದ್ದರೆ ಏನೂ ಹೇಳದೆ ವಾಪಸ್ ಕಳಿಸಿ, ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. ಇಟ್ಟುಕೊಂಡರೆ ಜೀವನಪೂರ್ತಿ.

ಅಯ್ಯೋ, ವಸ್ತುಸಂಗ್ರಹಾಲಯಕ್ಕೆ ಒಂದು ಮಣೆ ಕೊಡೋಕೂ ಎಷ್ಟು ಸಂಕೋಚ ಈ ಮನುಷ್ಯನಿಗೆ! 'ನಿಮ್ಮ ಬಳಕೆಗೆ' ಅಂದರೆ ನಮ್ಮ ಸಂಸ್ಥೆಯ ಬಳಕೆಗೆ. 'ಜೀವನಪೂರ್ತಿ' ಅಂದರೆ ಕಾಯಂ ಕೊಡುಗೆ. ಅಕ್ಷರ ದುಂಡಗಿದ್ದರೂ ಸರ್ಕಾರಿ ಭಾಷೆ ಬರಲ್ಲ, ಅಷ್ಟೇ.

ಓದುಗರೇ, ನೀವು ಹಣೆ ಚಚ್ಚಿಕೊಳ್ಳುತ್ತಿದ್ದೀರಿ ಎಂದು ಗೊತ್ತು. ಆದರೆ ಇಡೀ ದಿನ ಹಳೆಯ ವಸ್ತುಗಳ ನಡುವೆ ಬದುಕುವವಳಿಗೆ ತನ್ನ ಪಾಲಿಗೆ ಬಂದ ಹೊಸದು ಕಣ್ಣಿಗೆ ಬೀಳುವುದಿಲ್ಲ.

ಅವಳು ಮೊಹರು ತೆಗೆದು ಧಡ್ ಎಂದು ಒತ್ತಿದಳು.

ಸ್ವೀಕರಿಸಲಾಗಿದೆ!

ಕೆಳಗೆ ಸಹಿ. ಒಂದು ಪ್ರತಿ ಫೈಲಿಗೆ, ಇನ್ನೊಂದು ಪ್ರತಿ ಕಾವಲುಗಾರನ ಮೂಲಕ ಕೊಟ್ಟವನಿಗೆ.

*

ಮಂಗಳವಾರ ಬಡಗಿ ಬಂದದ್ದು ಇಸ್ತ್ರಿ ಮಾಡಿದ ಅಂಗಿಯಲ್ಲಿ! ಕೂದಲಲ್ಲಿ ಹೊಟ್ಟಿರಲಿಲ್ಲ, ಬದಲಿಗೆ ನೀಟಾದ ಬೈತಲೆ.

"ಊಟ ಆಯ್ತಾ?" ಎಂದ, ಬೆಳಿಗ್ಗೆ ಹತ್ತು ಗಂಟೆಗೆ.

"ಈಗಲಾ?"

"ಅಲ್ಲ... ಆಮೇಲೆ. ಮಾಡ್ತೀರಲ್ಲ, ಚೆನ್ನಾಗಿ ಮಾಡಿ."

ಅವಳು ಕಕ್ಕಾಬಿಕ್ಕಿಯಾದಳು. ಅವನು ಅವಳನ್ನು ನೋಡಿ ನಕ್ಕ. ಹಲ್ಲು ಕಾಣುವ ಹಾಗೆ ನಕ್ಕ! ಮೂರು ವಾರದಲ್ಲಿ ಮೊದಲ ಸಲ.

ಸ್ವಲ್ಪ ಹೊತ್ತಾದ ಮೇಲೆ ಅಳತೆಪಟ್ಟಿ ಹಿಡಿದು ಬಂದ.

"ಮೇಜು ಕಿಟಕಿ ಹತ್ರ ಇದ್ರೆ ಇಷ್ಟಾನಾ, ಗೋಡೆ ಹತ್ರಾನಾ?"

ಮುಂದಿನ ಪ್ರದರ್ಶನದ ತಯಾರಿ ಇರಬೇಕು ಎಂದುಕೊಂಡಳು. "ಗೋಡೆ ಹತ್ರ. ಬಿಸಿಲು ಬಿದ್ರೆ ಬಣ್ಣ ಹೋಗುತ್ತೆ."

"ಹಾಗಾದ್ರೆ ಗೋಡೆ ಹತ್ರಾನೇ," ಎಂದು ಗಂಭೀರವಾಗಿ ಬರೆದುಕೊಂಡ. "ಮತ್ತೆ... ಜನ ಜಾಸ್ತಿ ಬರೋದು ಇಷ್ಟಾನಾ?"

"ಎಷ್ಟು ಜನ ಬಂದ್ರೆ ಅಷ್ಟು ಒಳ್ಳೇದಲ್ವಾ!"

"ನಂಗೆ ಹತ್ತು ಜನ ಸಾಕಿತ್ತು. ಇರ್ಲಿ, ನಿಮ್ಮಿಷ್ಟ."

ಹತ್ತು ಜನಕ್ಕೆ ಯಾರಾದರೂ ಪ್ರದರ್ಶನ ಇಡ್ತಾರಾ? ಅವಳಿಗೆ ತಲೆಬುಡ ಅರ್ಥವಾಗಲಿಲ್ಲ. ಇವನಿಗೆ ಏನಾಗಿದೆ? ಜ್ವರ ಗಿರ ಬಂದಿದೆಯಾ? ಆದರೆ ಆ ನಗು... ಆ ನಗುವನ್ನು ನೆನೆದು ಅವಳು ಒಂದೇ ಚೀಟಿಯನ್ನು ಮೂರು ಸಲ ತಪ್ಪು ಬರೆದಳು.

ಬುಧವಾರ ಅವಳಿಗೆ ಧೈರ್ಯ ಬಂತು. ಇಷ್ಟು ನಗುವವನನ್ನು ಕೇಳಿಯೇ ಬಿಡೋಣ.

"ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತು. ನಗರದ ಮ್ಯೂಸಿಯಂನಿಂದ ನಂಗೆ ಕೆಲಸಕ್ಕೆ ಕರೆದಿದ್ದಾರೆ. ಶನಿವಾರದೊಳಗೆ ಹೇಳ್ಬೇಕು. ನೀವು... ಏನಂತೀರಿ?"

ಹೋಗಬೇಡಿ ಅನ್ನು. ಒಂದೇ ಒಂದು ಸಲ ಹೋಗಬೇಡಿ ಅನ್ನು!

ಅವನ ಮುಖದ ನಗು ಆರಿಹೋಯಿತು.

"ಶನಿವಾರ... ಯಾವಾಗ ಬಂದಿದ್ದು ಪತ್ರ?"

"ಎರಡು ವಾರ ಆಯ್ತು."

"ಎರಡು ವಾರ," ಎಂದ ಅವನು. "ಅಂದ್ರೆ ಸೋಮವಾರಕ್ಕಿಂತ ಮೊದಲೇ. ಎಲ್ಲಾ ಗೊತ್ತಿದ್ದೂ ನೀವು... ಸರಿ ಬಿಡಿ."

"ಸೋಮವಾರ ಏನಾಯ್ತು?"

ಅವನು ಅವಳನ್ನೇ ದಿಟ್ಟಿಸಿದ. ಆ ಕಣ್ಣುಗಳಲ್ಲಿ ಇದ್ದದ್ದು ಕೋಪವೋ, ನೋವೋ? ಅವನು ಹಾಲ್ ಕಡೆ ನಡೆದ. ಅವಳೂ ಹಿಂದೆಯೇ ಹೋದಳು.

ಹಾಲ್‌ನ ಮಧ್ಯದ ಕಪಾಟಿನ ಮುಂದೆ ಅವನು ಗಕ್ಕನೆ ನಿಂತ. ಗಾಜಿನೊಳಗೆ, ದೀಪದ ಕೆಳಗೆ, ಅವನ ಕಾಲ್ಮಣೆ. ಪಕ್ಕದಲ್ಲಿ ಅವಳದೇ ಕೈಬರಹ.

ಕಾಲ್ಮಣೆ. ಅಂದಾಜು ಎಂಬತ್ತು ವರ್ಷ ಹಳೆಯದು. ಕಾಯಂ ಕೊಡುಗೆ. ಮುಟ್ಟಬಾರದು.

"ಚೆನ್ನಾಗಿ ಇಟ್ಟಿದ್ದೀರಿ," ಎಂದ. ದನಿ ಒಣಗಿತ್ತು. "ಎಲ್ಲರೂ ನೋಡ್ಲಿ ಅಂತಲಾ?"

"ಹೌದು, ಎಲ್ಲರಿಗೂ ತುಂಬಾ ಇಷ್ಟ ಆಗಿದೆ! ನಿನ್ನೆ ಒಬ್ರು ಫೋಟೋ ಕೂಡ..."

ಮಾತು ಮುಗಿಯುವ ಮೊದಲೇ ಅವನು ಹೊರಟುಹೋದ. ಉಳಿ, ಗರಗಸ ಎಲ್ಲಾ ಅಲ್ಲೇ ಬಿಟ್ಟು.

ಗುರುವಾರ ಅವನು ಬರಲಿಲ್ಲ. ಶುಕ್ರವಾರವೂ ಇಲ್ಲ.

ಹಿಂದಿನ ಕೋಣೆಯಲ್ಲಿ ಸದ್ದೇ ಇರಲಿಲ್ಲ. ಅವಳಿಗೆ ಅಳು ಬಂತು, ಅಳುವಿಗಿಂತ ಹೆಚ್ಚಾಗಿ ಸಿಟ್ಟು ಬಂತು. ನಗೋದು ಯಾಕೆ? ಮುಖ ಊದಿಸಿಕೊಂಡು ಹೋಗೋದು ಯಾಕೆ? ನಾನೇನು ತಪ್ಪು ಮಾಡಿದೆ ಅಂತ ಹೇಳಿಯಾದರೂ ಹೋಗಬಾರದಿತ್ತಾ?

ಶುಕ್ರವಾರ ಸಂಜೆ ಅವಳು ನಗರಕ್ಕೆ ಉತ್ತರ ಬರೆದಳು. 'ನಿಮ್ಮ ಕೆಲಸ ನನಗೆ ಒಪ್ಪಿಗೆ.' ಲಕೋಟೆ ಅಂಟಿಸಿ ಡ್ರಾಯರಿನಲ್ಲಿಟ್ಟಳು. ನಾಳೆ ಅಂಚೆಗೆ ಹಾಕಿದರೆ ಮುಗಿಯಿತು.

*

ಶನಿವಾರ ಬೆಳಿಗ್ಗೆ ಬಾಗಿಲು ತೆರೆಯುತ್ತಿದ್ದಂತೆ ಟಪಾಲಜ್ಜಿ ಕೋಲೂರಿಕೊಂಡು ನೇರ ಹಿಂದಿನ ಕೋಣೆಗೇ ಬಂದಳು.

"ಕೂತ್ಕೊಳಮ್ಮ ನಿನ್ನ ಕುರ್ಚಿ ಮೇಲೆ."

"ಯಾಕಜ್ಜಿ?"

"ಕೂತ್ಕೋ ಅಂದೆ."

ಅವಳು ಕೂತಳು. ಮೇಜು ಎತ್ತರ, ಕುರ್ಚಿ ಇನ್ನೂ ಎತ್ತರ. ಎಂದಿನಂತೆ ಅವಳ ಕಾಲುಗಳು ನೆಲಕ್ಕೆ ಎಟುಕದೆ ನೇತಾಡಿದವು. ಅಜ್ಜಿ ಬಗ್ಗಿ, ಪಾದಕ್ಕೂ ನೆಲಕ್ಕೂ ನಡುವೆ ಗೇಣು ಹಾಕಿದಳು.

"ಸರಿಯಾಗೇ ಇದೆಯಲ್ಲ! ಒಂದು ಗೇಣು, ಎರಡು ಬೆರಳು. ಮತ್ತೆ ಅಳತೆ ತಪ್ಪಿತೇನೋ, ಅದಕ್ಕೇ ಗಾಜಿನೊಳಗೆ ಇಟ್ಟಳೇನೋ ಅಂದ್ಕೊಂಡೆ."

"ಯಾವುದರ ಅಳತೆ?"

"ಕಾಲ್ಮಣೇದು ಕಣೇ! ಅವಳ ಕಾಲು ನೇತಾಡ್ತಿರೋದು ನೋಡೋಕಾಗಲ್ಲ ಅಜ್ಜಿ, ಸಂಜೆ ಹೊತ್ತಿಗೆ ಪಾದ ಊದಿಕೊಂಡಿರುತ್ತೆ ಅಂತ ಎರಡು ವಾರ ಕೂತು ಮಾಡಿದ್ದಾನೆ."

"ಅದು ಎಂಬತ್ತು ವರ್ಷದ್ದಲ್ವಾ?"

"ತೊಲೆ ಎಂಬತ್ತು ವರ್ಷದ್ದು. ಮಣೆಗೆ ಎಂಬತ್ತು ದಿನವೂ ಆಗಿಲ್ಲ!" ಅಜ್ಜಿ ಅವಳ ಪಕ್ಕದ ಪೆಟ್ಟಿಗೆಯ ಮೇಲೆ ಕುಸಿದು ಕೂತಳು. "ಸೋಮವಾರ ಕಾಗದ ತಂದು ಕುಣಿದಾಡಿಬಿಟ್ಟ. ಅಜ್ಜಿ, ಒಪ್ಕೊಂಡ್ಲು, ಮೊಹರು ಒತ್ತಿ ಒಪ್ಕೊಂಡ್ಲು ಅಂತ. ಮಂಗಳವಾರ ಮನೆ ಗೋಡೆಯೆಲ್ಲ ಅಳೆದ, ಅವಳ ಮೇಜು ಎಲ್ಲಿ ಇಡೋಣ ಅಂತ. ಈಗ ನೋಡಿದ್ರೆ ಮೂರು ದಿನದಿಂದ ಬಾಯಿ ಬಿಡ್ತಿಲ್ಲ. ನಾನು ನನ್ನ ಜೀವಮಾನದಲ್ಲಿ ಒಂದು ಕಾಗದಾನೂ ತಪ್ಪು ಮನೆಗೆ ಕೊಟ್ಟವಳಲ್ಲ. ಇವನ ಕಾಗದ ಯಾರ ಮನೆಗೆ ಹೋಯ್ತೋ ನಂಗೆ ಗೊತ್ತಾಗ್ಬೇಕು."

ಅವಳು ಎದ್ದಳು. ಫೈಲು ತೆಗೆದಳು. ಅರ್ಜಿ ಹುಡುಕಿದಳು.

ನಿಮ್ಮ ಬಳಕೆಗೆ.

ಮನಸ್ಸಿಗೆ ಒಪ್ಪಿಗೆಯಾದರೆ ಮಾತ್ರ ಇಟ್ಟುಕೊಳ್ಳಿ.

ಇಟ್ಟುಕೊಂಡರೆ ಜೀವನಪೂರ್ತಿ.

ಕೆಳಗೆ ನೇರಳೆ ಬಣ್ಣದಲ್ಲಿ, ಅವಳೇ ಒತ್ತಿದ್ದು. ಸ್ವೀಕರಿಸಲಾಗಿದೆ!

"ಅಜ್ಜಿ..." ಅವಳು ಅರ್ಜಿಯನ್ನು ಮುಂದಕ್ಕೆ ಚಾಚಿದಳು. "ನಾನು ಇದನ್ನ ಮ್ಯೂಸಿಯಂಗೆ ಬರೆದಿದ್ದು ಅಂದ್ಕೊಂಡೆ."

ಅಜ್ಜಿ ಅವಳನ್ನು ನೋಡಿದಳು. ಅರ್ಜಿಯನ್ನು ನೋಡಿದಳು. ಆಮೇಲೆ ಕೋಲಿನಿಂದ ನೆಲ ಕುಟ್ಟಿ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು.

"ಮ್ಯೂಸಿಯಮ್ಮನ್ನ ಯಾರಾದ್ರೂ ಮದುವೆ ಆಗ್ತಾರೇನೇ, ಪೆದ್ದಿ!"

ಅವಳು ಸಾಹೇಬರ ಕೋಣೆಗೆ ಓಡಿದಳು.

"ಸರ್, ಆ ಕಾಲ್ಮಣೆ ವಾಪಸ್ ಬೇಕು."

"ಒಮ್ಮೆ ದಾಖಲಾದ ವಸ್ತು ಹೊರಗೆ ಹೋಗಲ್ಲಮ್ಮ. ನಿಯಮ ನಿಂಗೇ ಗೊತ್ತು. ಕಾರಣ ಬರೀಬೇಕು."

ಅವಳು ದಾಖಲೆ ಪುಸ್ತಕ ಎಳೆದುಕೊಂಡಳು. ಕಾರಣದ ಜಾಗದಲ್ಲಿ ಬರೆದಳು: 'ಈ ವಸ್ತು ಸಂಸ್ಥೆಗೆ ಬಂದದ್ದಲ್ಲ. ನನಗೆ ಬಂದದ್ದು.'

ಸಾಹೇಬರು ಕನ್ನಡಕ ಏರಿಸಿ ಒಂದು ಸಲ ಓದಿದರು. ಕನ್ನಡಕ ಇಳಿಸಿ ಇನ್ನೊಂದು ಸಲ ಓದಿದರು. ಕಪಾಟಿನ ಬೀಗದ ಕೈ ಅವಳ ಮುಂದಿಟ್ಟರು.

"ಗಾಜು ಒಡೀಬೇಡ, ನಿಧಾನ," ಎಂದರು ಅಷ್ಟೇ.

*

ಬಡಗಿಯ ಕೆಲಸದ ಕೊಟ್ಟಿಗೆ ಕಲ್ಲುಮೆಟ್ಟಿಲುಗಳ ತುದಿಯಲ್ಲಿತ್ತು. ಮಣೆಯನ್ನು ಎದೆಗವಚಿಕೊಂಡು ಹತ್ತುವಷ್ಟರಲ್ಲಿ ಅವಳಿಗೆ ಏದುಸಿರು.

ಅವನು ಹಲಗೆಗೆ ರಂದ ಹೊಡೆದು ನುಣುಪು ಮಾಡುತ್ತಿದ್ದ. ತಲೆ ಎತ್ತಿ ನೋಡಿದ. ಮೊದಲು ಅವಳನ್ನು, ಆಮೇಲೆ ಮಣೆಯನ್ನು.

"ವಾಪಸ್ ಕೊಡೋಕೆ ಬಂದ್ರಾ? ಬಾಗಿಲ ಹತ್ರ ಇಟ್ಟು ಹೋಗಿ."

"ಇಲ್ಲ. ಒಂದು ವಿವರ ಕೇಳೋಕೆ ಬಂದೆ."

"ಎಂಬತ್ತು ವರ್ಷ ಅಂತ ನೀವೇ ಬರೆದಾಗಿದೆಯಲ್ಲ. ಇನ್ನೇನು ವಿವರ?"

"ನಿಮ್ಮ ಬಳಕೆಗೆ ಅಂತ ಬರೆದಿದ್ದೀರಿ. 'ನಿಮ್ಮ' ಅಂದ್ರೆ ಯಾರ?"

ರಂದ ನಿಂತಿತು.

"ನಿಮ್ಮ ಅಂದ್ರೆ ನಿಮ್ಮ!"

"ನಿಮ್ಮ ಅಂದ್ರೆ ಸಾಹೇಬ್ರದ್ದೂ ಆಗುತ್ತೆ, ಕಾವಲುಗಾರಂದೂ ಆಗುತ್ತೆ, ಬಂದುಹೋಗೋ ಜನದ್ದೂ ಆಗುತ್ತೆ! ನನ್ನ ಮೇಜಿಗೆ ದಿನಾ ಬರೋ ಕಾಗದದಲ್ಲೆಲ್ಲ ನಿಮ್ಮ ಅಂತಾನೇ ಇರುತ್ತೆ. ಅದರಲ್ಲಿ ಒಂದು ನನಗೆ ಅಂತ ಹೇಗೆ ಗೊತ್ತಾಗ್ಬೇಕು ನಂಗೆ?"

ಅವನು ರಂದವನ್ನು ಹಲಗೆಯ ಮೇಲೇ ಬಿಟ್ಟು ಹತ್ತಿರ ಬಂದ.

"ಅಂದ್ರೆ... ನಿಮಗೆ ಗೊತ್ತೇ ಆಗಿರ್ಲಿಲ್ವಾ?"

"ಇವತ್ತು ಬೆಳಿಗ್ಗೆ ಗೊತ್ತಾಯ್ತು. ಅಜ್ಜಿ ಬಂದು ಗೇಣು ಹಾಕಿದ ಮೇಲೆ!"

"ಮತ್ತೆ ಮೇಜು ಗೋಡೆ ಹತ್ರ ಅಂದ್ರಿ?"

"ಪ್ರದರ್ಶನದ್ದು ಅಂದ್ಕೊಂಡೆ!"

"ಮದುವೆಗೆ ಎಷ್ಟು ಜನ ಬಂದ್ರೆ ಅಷ್ಟು ಒಳ್ಳೇದು ಅಂದ್ರಿ!"

"ಅದು ಮದುವೆ ವಿಷಯಾನಾ?"

ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾ ನಿಂತರು. ಮೊದಲು ಅವನ ಭುಜ ಅಲುಗಿತು. ಆಮೇಲೆ ಅವಳದು. ಎಷ್ಟು ನಕ್ಕರೆಂದರೆ ಅವಳು ಮಣೆಯನ್ನು ಕೆಳಗಿಟ್ಟು ಹೊಟ್ಟೆ ಹಿಡಿದುಕೊಳ್ಳಬೇಕಾಯಿತು. ನಗುತ್ತಾ ನಗುತ್ತಾ ಅವಳಿಗೆ ಅಳು ಯಾವಾಗ ಬಂತೋ ಗೊತ್ತಾಗಲಿಲ್ಲ.

"ಅಳ್ಬೇಡಿ," ಎಂದ ಗಾಬರಿಯಿಂದ. "ಮರ್ಯಾದೆ ಕೊಟ್ಟು ಬರೆದೆ ಕಣ್ರೀ. ಕಾಗದದಲ್ಲಿ ನಿನ್ನ ಗಿನ್ನ ಅಂತ ಬರೆಯೋಕಾಗುತ್ತಾ?"

"ನಿಮ್ಮ ಮರ್ಯಾದೆ ನನ್ನ ಜೀವ ತಿಂತು! ಕೆಲಸಕ್ಕೆ ಬರ್ತೀನಿ ಅಂತ ನಗರಕ್ಕೆ ಕಾಗದ ಕೂಡ ಬರೆದಿಟ್ಟಿದ್ದೆ."

"ಹಾಕಿದ್ರಾ?"

"ಇನ್ನೂ ಇಲ್ಲ. ಸಂಜೆವರೆಗೂ ಟೈಮಿದೆ. ಈಗ ಬಾಯಲ್ಲೇ ಹೇಳಿ. ಯಾರ ಬಳಕೆಗೆ?"

ಅವನು ಅಂಗೈಯನ್ನು ಅಂಗಿಗೆ ಒರೆಸಿಕೊಂಡ. ಒಮ್ಮೆ ಕೆಮ್ಮಿದ. ಕಿವಿ ಕೆಂಪಾದವು.

"...ನಿನ್ನ."

"ಕೇಳಿಸ್ಲಿಲ್ಲ."

"ನಿನ್ನ ಬಳಕೆಗೆ. ಆ ಮಣೆ... ಅದರ ಜೊತೆ ನಾನೂ." ಅವನು ತಡವರಿಸಿದ. "ನಗರಕ್ಕೆ ಹೋಗ್ಬೇಡ ಅಂತ ಹೇಳಲ್ಲ. ಹೋಗೋದಾದ್ರೆ ಉಳಿ, ಗರಗಸ ಗಂಟು ಕಟ್ಕೊಂಡು ನಾನೂ ಬರ್ತೀನಿ. ಅಜ್ಜಿ ಹೇಗಿದ್ರೂ ನಡ್ಕೊಂಡೇ ಬಂದುಬಿಡ್ತಾಳೆ."

ಮೂರು ವಾರದಿಂದ ಕಾದ ಮಾತು ಅವಳ ಕಿವಿಗೆ ಬಿದ್ದಾಗಿತ್ತು. ಇನ್ನು ಯಾವ ಗೊಂದಲವೂ ಉಳಿದಿರಲಿಲ್ಲ. ಉಗ್ರಾಣದ ಧೂಳಾದರೆ ಧೂಳು!

ಅವಳು ಅವನ ಎತ್ತರದ ಕೆಲಸದ ಬೆಂಚಿನ ಮೇಲೆ ಹತ್ತಿ ಕೂತಳು. ಅವನು ಬಗ್ಗಿ, ಮಣೆಯನ್ನು ಅವಳ ಪಾದದ ಕೆಳಗೆ ಸರಿಸಿದ.

"ಸರಿಹೋಯ್ತಾ?"

"ಒಂಚೂರು ಅಲ್ಲಾಡ್ತಿದೆ."

"ಮಣೆ ಸರಿ ಇದೆ. ನೆಲ ಸರಿ ಇಲ್ಲ."

"ಹಾಗಾದ್ರೆ ನಿಧಾನಕ್ಕೆ ನೆಲ ಸರಿಮಾಡು," ಎಂದಳು ಅವಳು. "ನಾನು ಇಲ್ಲೇ ಇರ್ತೀನಿ."